ಬೆನ್ನಿಗೆ ಹತ್ತಿದ ಮಣ್ಣು

ನನ್ನ ಬೆನ್ನಿಗೆ ಮಣ್ಣು ಹತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಜಂಬವೇ ಅದು. ಕುರುಗೋಡಿನ ಗರಡಿಯಲ್ಲಿ ಲಂಗೋಟ ಕಟ್ಟಿದ ದಿನದಿಂದ ಕುಸ್ತಿ ಬಿಟ್ಟ ದಿನದವರೆಗೆ ಯಾವ ಪೈಲ್ವಾನನಿಗೂ ನನ್ನನ್ನು ಚಿತ್ ಮಾಡಲಾಗಲಿಲ್ಲ. ಮಣ್ಣಿನ ಕುಸ್ತಿ ನೋಡದವರಿಗೆ ಒಂದು ಮಾತು: ನಮ್ಮಲ್ಲಿ ಅಂಕ ಗಿಂಕ ಏನೂ ಇಲ್ಲ. ಬೆನ್ನು ನೆಲಕ್ಕೆ ಹತ್ತಿತೋ, ಸೋತೆ. ಹತ್ತಲಿಲ್ಲವೋ, ಇನ್ನೂ ಆಟದಲ್ಲಿದ್ದೀಯ.

ನಮ್ಮ ಉಸ್ತಾದರಿಗೆ ಈ ವಿಷಯದಲ್ಲಿ ಒಂದು ಥರದ ಹುಚ್ಚು. ಮಲಗುವಾಗಲೂ ಹುಡುಗರು ಅಂಗಾತ ಮಲಗುವಂತಿರಲಿಲ್ಲ. ಮಧ್ಯಾಹ್ನ ಗರಡಿಯ ಕಟ್ಟೆಯ ಮೇಲೆ ಯಾರಾದರೂ ಹಾಗೆ ಬಿದ್ದುಕೊಂಡಿದ್ದರೆ ಕೋಲಿನಿಂದ ಪಕ್ಕೆಗೆ ತಿವಿದು, "ಯಾವಾವಲೇ ನಿನ್ನ ಕೆಡವಿದಾವ? ಮಗ್ಗಲಾಗಿ ಮಕ್ಕೋ" ಎನ್ನುತ್ತಿದ್ದರು. ಉಸ್ತಾದರು ಹೋಗಿ ವರ್ಷಗಳಾದವು, ಆ ರೂಢಿ ಮಾತ್ರ ನನ್ನಿಂದ ಹೋಗಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಹಂಪಮ್ಮ "ಇವ್ರು ಗ್ವಾಡಿ ಕಡಿ ಮುಖ ಮಾಡಿ ಮಲಗ್ತಾರ" ಅಂತ ತವರಿಗೆ ದೂರು ಒಯ್ದಿದ್ದಳು. ಅವಳ ಅಪ್ಪ ಬಂದು ನನ್ನನ್ನು ವಿಚಾರಿಸಿದ. ವಿಷಯ ತಿಳಿದು ನಕ್ಕವನು ಊಟ ಮಾಡಿಕೊಂಡು ಹೋದ.

ನಮ್ಮದು ಒಕ್ಕಲುತನದ ಮನೆ. ನನ್ನ ಹೆಸರು ದೊಡ್ಡಬಸಪ್ಪ, ಊರವರಿಗೆ ಪೈಲ್ವಾನ್ ಬಸಣ್ಣ. ಬಳ್ಳಾರಿ, ಸಿರುಗುಪ್ಪ, ಗಡಿಯಾಚೆಯ ಆಂಧ್ರದ ಊರುಗಳು, ಎಲ್ಲಿ ಹಲಗೆ ಬಾರಿಸಿ ಕುಸ್ತಿ ಸಾರಿದರೂ ನಾನು ಹಾಜರ್. ಕುಸ್ತಿಯ ತಿಕ್ಕಾಟಕ್ಕೆ ಎರಡೂ ಕಿವಿ ಮುರುಟಿ ಗಟ್ಟಿ ಉಂಡೆಗಳಾದವು. ಬಳ್ಳಾರಿಯ ದೊಡ್ಡ ಕುಸ್ತಿಯಲ್ಲಿ ಗೆದ್ದು ಬೆಳ್ಳಿ ಗದೆ ಹೊತ್ತು ಮನೆಗೆ ಬಂದ ದಿನ ನಮ್ಮಪ್ಪ, "ಇದನ್ನ ಎಲ್ಲಿ ಇಡ್ತೀಯಲೇ? ಮನಿ ತುಂಬ ಜ್ವಾಳದ ಚೀಲ ಅದಾವು" ಅಂದಿದ್ದ. ಅಂದವನೇ ಆಚೆ ಹೋಗಿ ಕಣ್ಣೊರೆಸಿಕೊಂಡ.

ನನಗೆ ಸರಿಜೋಡಿ ಅಂತ ಒಬ್ಬನೇ ಒಬ್ಬ ಇದ್ದ, ಸಿರುಗುಪ್ಪದ ಹುಸೇನಪ್ಪ. ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಬೆಳೆಸಿದ ಮೈ. ನಮ್ಮಿಬ್ಬರ ಕೊನೆಯ ಕುಸ್ತಿ ಸಿರುಗುಪ್ಪದಲ್ಲೇ ಆಯಿತು. ಅವತ್ತು ಅವನು ನನ್ನನ್ನು ಮಗುಚಿಯೇ ಬಿಟ್ಟಿದ್ದ. ನೆತ್ತಿ ಮತ್ತು ಹಿಮ್ಮಡಿ ಎರಡನ್ನೇ ನೆಲಕ್ಕೂರಿ ಸೊಂಟ ಎತ್ತಿ ಹಿಡಿದೆ. ಅವನು ಎದೆಯ ಮೇಲೆ ಬಿದ್ದು ಒತ್ತಿದ. ಕತ್ತು ಮುರಿದೇ ಹೋಯಿತು ಅನ್ನಿಸಿದರೂ ಬೆನ್ನು ಕೊಡಲಿಲ್ಲ. ಹೊತ್ತು ಮುಗಿಯಿತು, ಪಂಚರು ಸಮ ಎಂದು ಇಬ್ಬರ ಕೈಯನ್ನೂ ಎತ್ತಿದರು. ಆಗ ಅವನು ನನ್ನ ಕಿವಿಯ ಹತ್ತಿರ, "ಒಂದಲ್ಲ ಒಂದಿನ ನಿನ್ನ ಬೆನ್ನಿಗೆ ಮಣ್ಣು ಹಚ್ಚೇ ಹಚ್ತೀನಿ, ಲೇ ಬಸ್ಯಾ" ಅಂದ. "ಕನಸಿನ್ಯಾಗ ಹಚ್ಚು ಹೋಗ್ಲೇ" ಅಂದೆ ನಾನು. ಆಮೇಲೆ ಇಬ್ಬರೂ ಕುಸ್ತಿ ಬಿಟ್ಟೆವು. ಅವನು ಗಿರಣಿಯಲ್ಲಿ ಮೇಸ್ತ್ರಿಯಾದ. ನಾನು ಎಮ್ಮೆ ಕಟ್ಟಿಕೊಂಡು ಹಾಲು ಹಾಕುತ್ತ, ಬೆಳಿಗ್ಗೆ ಸಂಜೆ ಗರಡಿಯಲ್ಲಿ ಹುಡುಗರಿಗೆ ಕಲಿಸುತ್ತ ಕುರುಗೋಡಿನಲ್ಲೇ ಉಳಿದೆ.

ವಯಸ್ಸು ನಲವತ್ತು ದಾಟಿತ್ತು. ಒಂದು ಬೇಸಿಗೆಯಲ್ಲಿ ಯಾರದೋ ಮದುವೆಯಲ್ಲಿ ಉಂಡು ಹೊಟ್ಟೆ ಕೆಟ್ಟಿತು. ಅದು ವಾಸಿಯಾಯಿತು. ಅದಾದ ಸ್ವಲ್ಪ ದಿನಕ್ಕೆ ಪಾದ ಜುಮು ಜುಮು ಅನ್ನತೊಡಗಿತು. ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದರೂ ಗೊತ್ತಾಗುತ್ತಿರಲಿಲ್ಲ. ಹಂಪಮ್ಮ ಅದನ್ನು ಎತ್ತಿಕೊಂಡು ಬಂದು, "ಕುಡಿದೀರೇನು?" ಅಂತ ಕೇಳಿದಳು. ಹಾಲು ಬಿಟ್ಟು ಇನ್ನೊಂದು ಕುಡಿಯದವನಿಗೆ ಈ ಮಾತು!

ಬೇರೆಯವರಾಗಿದ್ದರೆ ಆಗಲೇ ದವಾಖಾನೆಗೆ ಹೋಗುತ್ತಿದ್ದರು. ನಾನು ಪೈಲ್ವಾನ. ಕಾಲು ಸೋಲುತ್ತಿದೆ ಅಂದರೆ ಕಾಲಿಗೆ ಕೆಲಸ ಸಾಲದು ಎಂದೇ ನನ್ನ ತಲೆಗೆ ಹೊಳೆದದ್ದು. ಬೈಠಕ್, ಅಂದರೆ ಬಸ್ಕಿ, ಹೆಚ್ಚು ಮಾಡಿದೆ. ಎರಡು ಸಲ ಕುಕ್ಕರಿಸಿ ಬಿದ್ದೆ. ಕೊನೆಗೆ ನಮ್ಮ ಗರಡಿಯವರೆಲ್ಲ ಮಾಡುವ ಮದ್ದಿಗೆ ಕೈ ಹಾಕಿದೆ. ಗರಡಿಯ ಮಣ್ಣೆಂದರೆ ಬರೀ ಕೆಮ್ಮಣ್ಣಲ್ಲ. ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಹಣ್ಣಿನ ರಸ ಸುರಿದು ಹದ ಮಾಡಿದ್ದು. ಉಳುಕಿಗೆ, ನೋವಿಗೆ ಅದರಲ್ಲಿ ಕೈಕಾಲು ಹೂತುಕೊಂಡು ಕೂರುವುದು ನಮ್ಮ ವಾಡಿಕೆ. ಅಖಾಡದ ನಡುವೆ ಕಾಲು ಚಾಚಿ ಕೂತೆ, ಹುಡುಗರು ಸೊಂಟದ ತನಕ ಮಣ್ಣು ಎಳೆದು ಮುಚ್ಚಿದರು. ತಂಪಾಗಿ ಹಿತವಾಗಿತ್ತು. ಕೂತಲ್ಲೇ ಅವರ ಪಟ್ಟು ತಿದ್ದಿದೆ, ಬೈದೆ.

ಸಾಮು ಮುಗಿದ ಮೇಲೆ ಹುಡುಗರು ಮಣ್ಣು ಸರಿಸಿ, "ಏಳ್ರಿ ಉಸ್ತಾದ್ರ" ಅಂದರು.

ಏಳಲು ಹೋದೆ. ಕಾಲು ನನ್ನ ಮಾತು ಕೇಳಲಿಲ್ಲ. ಇನ್ನೊಮ್ಮೆ ಕೈಯೂರಿ ಜಗ್ಗಿದೆ. ಹುಡುಗರು ಇದೂ ಏನೋ ಪಾಠ ಅಂದುಕೊಂಡು ಸುತ್ತ ನಿಂತು ನೋಡಿದರು. ಒಬ್ಬ ನಕ್ಕು ತೊಡೆ ತಟ್ಟಿದ.

"ನಗಬ್ಯಾಡ್ರಲೇ" ಅಂದೆ. "ಖರೇನ ಏಳಾಕ ಆಗವಲ್ದು."

ನನಗೆ ಹೆದರಿಕೆಯಾಯಿತು. ಎಷ್ಟೋ ಅಖಾಡಗಳಿಗೆ ಇಳಿದವನು, ಅಂಥ ಹೆದರಿಕೆಯನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾಲ್ಕು ಜನ ಸೇರಿ ನನ್ನನ್ನು ಎತ್ತಿ, ಹಾಲಿನ ಕ್ಯಾನು ಸಾಗಿಸುವ ಗಾಡಿಯಲ್ಲಿ ಮಲಗಿಸಿ ಊರ ಡಾಕ್ಟರ ಹತ್ತಿರ ಒಯ್ದರು. ಅವರು ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ ನೋಡಿದರು. ಮುಖ ಗಂಭೀರವಾಯಿತು. "ಮನಿಗೆ ಹೋಗಬ್ಯಾಡ್ರಿ, ಹಿಂಗ ಬಳ್ಳಾರಿಗೆ ನಡೀರಿ" ಅಂದರು. ಲಂಗೋಟದ ಮೇಲೆ ಲುಂಗಿ ಸುತ್ತಿಕೊಂಡು, ಮೈತುಂಬ ಗರಡಿ ಮಣ್ಣಿನಲ್ಲೇ ಬಳ್ಳಾರಿ ಸೇರಿದೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಗಾಲಿಕುರ್ಚಿಯಲ್ಲಿ ಕೂರಿಸಿ ಕಾಯಲು ಹೇಳಿದರು. "ಕುರುಗೋಡಿನ ಪೈಲ್ವಾನ ಅಲ್ಲೇನು?" ಎಂದು ಯಾರೋ ಪಿಸುಗುಟ್ಟಿದರು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಪಕ್ಕದಲ್ಲಿ ರೂಪನಗುಡಿಯಿಂದ ಬಂದ ಮುದುಕಿಯೊಬ್ಬಳು ಕೂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಾಗೈತಪ್ಪ?" ಅಂದಳು. "ಕಾಲು ಏಳವಲ್ವು ಯವ್ವ" ಅಂದೆ. ಆಕೆ ಕೇಳದೆ ಹೇಳದೆ ಬಗ್ಗಿ ನನ್ನ ಹೆಬ್ಬೆರಳು ಚಿವುಟಿದಳು. "ಇಲ್ಲಿ ಗೊತ್ತಾಕ್ಕತೇನು?" ಸ್ವಲ್ಪ ಗೊತ್ತಾಗುತ್ತದೆ ಅಂದೆ. "ಹಂಗಾರ ಹೋಗಿಲ್ಲ, ಅದಾವು ಇನ್ನ" ಎಂದು ಸೆರಗಿನಲ್ಲಿದ್ದ ಕುದಿಸಿದ ಶೇಂಗಾ ಬಿಡಿಸಿ ನನ್ನ ಅಂಗೈಗೆ ಹಾಕಿದಳು. ನಮ್ಮ ಸರದಿ ಬರುವ ತನಕ ಬಿಡಿಸಿ ಹಾಕುತ್ತಲೇ ಇದ್ದಳು. ಆಕೆಯ ಹೆಸರು ಕೇಳಲಿಲ್ಲ, ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು.

ಜಿ.ಬಿ.ಎಸ್. ಇರಬಹುದು ಅಂದರು ಡಾಕ್ಟರು. ಹೊಟ್ಟೆಯ ಸೋಂಕಿನ ಜೊತೆ ಗುದ್ದಾಡಲು ಹೋದ ಮೈ ತನ್ನ ನರಗಳ ಮೇಲೇ ಬಿದ್ದಿದೆ, ಕಾಲಿನಿಂದ ಮೇಲೇರುತ್ತ ಬರುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂದು ಈಗಲೇ ಹೇಳಲಾಗದು ಎಂದರು. ಸುದ್ದಿ ಕೇಳಿ ಹಿಂದೆಯೇ ಬಂದಿದ್ದ ಹಂಪಮ್ಮ ಅಳಲಿಲ್ಲ. "ಮತ್ತ ನಡೀತಾರೇನ್ರಿ?" ಅಂತ ಒಂದೇ ಮಾತು ಕೇಳಿದಳು. "ಭಾಳ ಮಂದಿ ನಡೀತಾರಮ್ಮ. ಇವರು ಎಷ್ಟು ಏಳ್ತಾರ ಅನ್ನೋದು ನೋಡಬೇಕು" ಅಂದರು. ಆ ಕ್ಷಣ ನಾನು ನನ್ನೊಳಗೆ ಒಂದು ಗಂಟು ಹಾಕಿಕೊಂಡೆ. ಯಾವ ಮಣ್ಣಿನಿಂದ ನನ್ನನ್ನು ನಾಲ್ಕು ಜನ ಎತ್ತಿದರೋ, ಅದೇ ಮಣ್ಣಿನಿಂದ ಯಾರ ಕೈಯನ್ನೂ ಹಿಡಿಯದೆ ಏಳಬೇಕು. ಆಮೇಲೆ ಏನಾದರೂ ಆಗಲಿ.

ಮರುದಿನ ಪರೀಕ್ಷೆಗೆಂದು ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರು. ನೋವು ಅಂಥದ್ದೇನೂ ಇರಲಿಲ್ಲ. ಆಮೇಲೆ ನರ್ಸ್ ಸುನಂದಾ ಸಿಸ್ಟರ್ ತಲೆದಿಂಬು ಕಿತ್ತುಕೊಂಡು, "ಪೈಲ್ವಾನ್ರೇ, ಸಂಜಿ ತನಕ ಅಂಗಾತ ಮಲಗಬೇಕು, ಇಲ್ಲಾಂದ್ರ ತಲಿನೋವು ಬರ್ತೈತಿ, ಅಲ್ಲಾಡಬ್ಯಾಡ್ರಿ" ಅಂದು ಹೋದರು.

ಅಂಗಾತ! ನಾನು! ಕಿಟಕಿಯ ಪಕ್ಕದ ಮಂಚ, ಓಡಾಡುವವರೆಲ್ಲ ಇಣುಕುವ ಜಾಗ. ಸಿಸ್ಟರ್ ಆಚೆ ಹೋದ ಕೂಡಲೇ ಮಂಚದ ಕಂಬಿ ಹಿಡಿದು ಮಗ್ಗಲಾದೆ. ಕೈಯಲ್ಲಿ ಆಗ ಇನ್ನೂ ಕಸುವಿತ್ತು. ಅವರು ಬಂದು ತಿರುಗಿಸುವುದು, ನಾನು ಮತ್ತೆ ಮಗ್ಗಲಾಗುವುದು. ತಲೆ ಒಡೆದು ಹೋಳಾಗುವಂತೆ ನೋಯತೊಡಗಿತು, ವಾಂತಿ ಬಂತು. "ನಿಮ್ಮ ಗರಡಿ ಹಟ ಇಲ್ಲಿ ನಡಿಯಂಗಿಲ್ಲ!" ಎಂದು ಸಿಸ್ಟರ್ ರೇಗಿದರು. ಹಂಪಮ್ಮ ಕೈ ಮುಗಿದಳು, ಬೈದಳು. ಕಣ್ಣಲ್ಲಿ ನೀರು ತಂದಳು. ನನಗೆ ಗೊತ್ತಿತ್ತು ಇದು ಮೂರ್ಖತನ ಅಂತ. ಆದರೆ ಬೆನ್ನು ಹಾಸಿಗೆಗೆ ಹತ್ತಿದ ಕೂಡಲೇ ಕೈ ತಾನಾಗಿ ಕಂಬಿಗೆ ಹೋಗುತ್ತಿತ್ತು. ಒಮ್ಮೆ ಹೀಗೆ ಮಲಗಿದರೆ ಕುಸ್ತಿ ಮುಗಿಯಿತು, ಇನ್ನು ಏಳುವುದಿಲ್ಲ ಎಂದು ಒಳಗೆ ಯಾರೋ ಕೂಗಿದ ಹಾಗೆ. ಅದನ್ನು ಸಿಸ್ಟರಿಗೆ ಹೇಗೆ ಹೇಳಲಿ?

ಮಧ್ಯಾಹ್ನ ರೋಗಿಗಳನ್ನು ನೋಡಲು ಬಿಡುವ ಹೊತ್ತಿಗೆ ಬಾಗಿಲಲ್ಲಿ ಒಂದು ಆಸಾಮಿ ನಿಂತಿತು. ಹುಸೇನಪ್ಪ. ಸುದ್ದಿ ಕೇಳಿ ಸಿರುಗುಪ್ಪದಿಂದ ಬಸ್ಸಿಗೆ ಬಂದಿದ್ದ, ತೋಳಿನ ಮೇಲೆ ಅಕ್ಕಿಯ ತೌಡು ಹಾಗೇ ಇತ್ತು.

"ಏನವಾ ತಂಗಿ, ಏನಂತಾನ ನಿಮ್ಮ ಪೈಲ್ವಾನ?" ಅಂದ.

"ನೀವರ ಹೇಳ್ರಿ ಅಣ್ಣಾ. ಅಂಗಾತ ಮಲಗವಲ್ರು. ತಲಿನೋವು ತಡಿಯಾಕ ಆಗವಲ್ದು, ಆದ್ರೂ ಮಲಗವಲ್ರು."

ಹುಸೇನಪ್ಪ ನನ್ನನ್ನು ನೋಡಿದ. ಕಂಬಿ ಹಿಡಿದ ಕೈ ನೋಡಿದ. ಆ ಊರಿನಲ್ಲಿ, ಆ ಆಸ್ಪತ್ರೆಯಲ್ಲಿ, ನನ್ನ ಹಟದ ಒಳಗಿನ ಹೆದರಿಕೆ ಏನೆಂದು ತಿಳಿದವನು ಅವನೊಬ್ಬನೇ. ನನ್ನನ್ನು ಹಾಗೆ ನೋಡಲೆಂದೇ ಅರ್ಧ ಆಯುಷ್ಯ ಕಳೆದವನು. ಈಗ ಏನಾದರೂ ಕುಟುಕುತ್ತಾನೆ ಎಂದು ಹಲ್ಲು ಕಚ್ಚಿದೆ.

ಅವನು ಕಿಟಕಿಯ ಪರದೆ ಎಳೆದ. ಅಂಗಿ ತೆಗೆದು ಕುರ್ಚಿಯ ಮೇಲಿಟ್ಟ. ಆಮೇಲೆ ನನ್ನ ಮಂಚದ ಪಕ್ಕ ಆಸ್ಪತ್ರೆಯ ನೆಲದ ಮೇಲೆ ಕೈಕಾಲು ಚಾಚಿ ಅಂಗಾತ ಮಲಗಿದ. ಅಷ್ಟು ದೊಡ್ಡ ಮೈ!

"ನೋಡಲೇ ಬಸ್ಯಾ, ನಾನೂ ಚಿತ್ ಆಗೀನಿ" ಅಂದ ಕೆಳಗಿನಿಂದ. "ಇಬ್ರೂ ಸಮ. ಈಗ ಮಕ್ಕೋ."

ಅಷ್ಟರಲ್ಲಿ ಸುನಂದಾ ಸಿಸ್ಟರ್ ಬಂದು, "ಅಯ್ಯಯ್ಯೋ, ಇವ್ರಿಗೇನಾತು? ಏಳ್ರಿ ಮ್ಯಾಲ!" ಅಂತ ಕಿರುಚಿದರು. "ಅವ ಮಕ್ಕೊಳ್ಳೋತನ ಏಳಂಗಿಲ್ಲ ಸಿಸ್ಟರ, ದಾಟಿ ಹೋಗ್ರಿ" ಅಂದ ಅವನು, ಮಲಗಿದಲ್ಲಿಂದಲೇ. ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ತಲೆ ಸಿಡಿಯುತ್ತಿತ್ತು, ಆದರೂ ನಕ್ಕೆ. ನಗುತ್ತಲೇ ಕಂಬಿ ಬಿಟ್ಟೆ. ಬೆನ್ನು ಹಾಸಿಗೆಗೆ ಹತ್ತಿತು. ಹಂಪಮ್ಮ ಬಂದು ಹಣೆಯ ಮೇಲೆ ಕೈಯಿಟ್ಟಳು. ಚಾವಣಿಯ ಫ್ಯಾನು ತಿರುಗುತ್ತಿತ್ತು. ಆಗ ಅಳು ಬಂತು, ಗಟ್ಟಿಯಾಗಿಯೇ ಅತ್ತೆ. ಹುಸೇನಪ್ಪ ನೆಲದಿಂದೆದ್ದು ಅಂಗಿ ತೊಟ್ಟುಕೊಂಡ. ಹೋಗುವಾಗ, "ಹಾಸಿಗಿ ಮಣ್ಣಲ್ಲ, ಇದು ಲೆಕ್ಕಕ್ಕಿಲ್ಲ. ಎದ್ದು ಬಾ, ಗರಡ್ಯಾಗ ಕೈಗೆ ಮಣ್ಣು ಕೊಡು" ಅಂದ. ಕುಸ್ತಿಗೆ ಮೊದಲು ಜೋಡಿಗಳು ಒಬ್ಬರ ಕೈಗೊಬ್ಬರು ಮಣ್ಣು ಕೊಟ್ಟು ಸಲಾಮಿ ಮಾಡುತ್ತೇವೆ, ಅದನ್ನೇ ಅವನು ಹೇಳಿದ್ದು.

ಅದು ಇನ್ನೂ ಆರಂಭ. ಮುಂದಿನ ದಿನಗಳಲ್ಲಿ ಕೈಯೂ ಹೋಯಿತು. ಲೋಟ ಹಿಡಿಯಲಾಗಲಿಲ್ಲ, ಮುಖದ ಮೇಲೆ ಕೂತ ನೊಣ ಓಡಿಸಲಾಗಲಿಲ್ಲ. ನನ್ನನ್ನು ಗಾಜಿನ ಬಾಗಿಲಿನ ಕೋಣೆಗೆ ಸಾಗಿಸಿದರು. ಅಲ್ಲಿ ಡಾಕ್ಟರು ಬಂದಾಗಲೆಲ್ಲ, "ಒಂದೇ ಉಸಿರಿನಾಗ ಒಂದರಿಂದ ಎಣಸ್ರಿ" ಅನ್ನುತ್ತಿದ್ದರು. ಗರಡಿಯಲ್ಲಿ ಬೈಠಕ್ ಎಣಿಸಿದ ಬಾಯಿ ನನ್ನದು, ಇದೇನು ಮಹಾ ಅಂದುಕೊಂಡೆ. ನಿನ್ನೆ ಮುಟ್ಟಿದ ಅಂಕಿಯನ್ನು ಇವತ್ತು ಮುಟ್ಟಲಾಗಲಿಲ್ಲ. ಇನ್ನೂ ಇಳಿದರೆ ಗಂಟಲಿಗೆ ನಳಿಗೆ ಹಾಕಿ ಯಂತ್ರದಿಂದ ಉಸಿರಾಡಿಸಬೇಕಾಗುತ್ತದೆ ಎಂದರು. ಬಾಟಲಿಯ ಔಷಧ ಹನಿಹನಿಯಾಗಿ ಇಳಿಯುತ್ತಿತ್ತು. ನಾನು ಗಾಜಿನಾಚೆ ನಿಂತ ಹಂಪಮ್ಮನನ್ನು ನೋಡುತ್ತ ಎಣಿಸುತ್ತಿದ್ದೆ. ಒಂದು ದಿನ ಅಂಕಿ ಇಳಿಯಲಿಲ್ಲ. ಅದರ ಮರುದಿನ ಒಂದು ಮೇಲೆ ಹೋಯಿತು. ಇದು ನನ್ನ ಛಲದಿಂದ ಆಯಿತು ಎಂದು ಕೊಚ್ಚಿಕೊಳ್ಳುವುದಿಲ್ಲ, ಔಷಧ ತನ್ನ ಕೆಲಸ ಮಾಡಿತು. ಪಕ್ಕದ ಮಂಚದಲ್ಲಿದ್ದ ಮೇಷ್ಟ್ರಿಗೆ ನಳಿಗೆ ಹಾಕಿದ್ದರು, ಅವರೇನು ನನಗಿಂತ ಕಡಿಮೆ ಛಲದವರಾಗಿರಲಿಲ್ಲ. ಅವರೂ ಮನೆಗೆ ಹೋದರು.

ಹಂಪಮ್ಮನ ಅಕ್ಕನ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಅಲ್ಲಿಂದ ದಿನಾ ಆಟೋದಲ್ಲಿ ಗಂಜಿ ತರುತ್ತಿದ್ದಳು. ನುಂಗಲು ಕಷ್ಟ, ಚಮಚ ಚಮಚವೇ ಕುಡಿಸುವಳು. ಕುಡಿಸುತ್ತ ಊರಿನ ವರದಿ ಒಪ್ಪಿಸುವಳು. "ಕರಿ ಎಮ್ಮಿ ಯಾರ ಕೈಗೂ ಹಾಲು ಕೊಡವಲ್ದಂತ. ನೀವ ಬರಬೇಕಂತ. ಜಲ್ದಿ ಎದ್ದು ಬರ್ರಿ, ಇಲ್ಲಾಂದ್ರ ಅದನ್ನ ಇಲ್ಲಿಗೇ ಹೊಡಕೊಂಡು ಬರ್ತೀನಿ." ಅವಳು ಹೀಗೆ ದಬಾಯಿಸುವಾಗ ನನಗೆ ಸಮಾಧಾನ. ಅಯ್ಯೋ ಪಾಪ ಅನ್ನುತ್ತ ಕೂತ ನೆಂಟರು ಬಂದರೆ ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ನಟಿಸುತ್ತಿದ್ದೆ.

ಮೈ ಸ್ವಲ್ಪ ತಹಬಂದಿಗೆ ಬಂದ ಮೇಲೆ ವ್ಯಾಯಾಮ ಮಾಡಿಸಲು ನಾಜ್ನೀನ್ ಮೇಡಂ ಬಂದರು. ಇನ್ನೂ ಎಳೆ ವಯಸ್ಸು, ನನ್ನ ಮುಂಗೈಯಷ್ಟು ದಪ್ಪ ಅವರ ತೋಳು. ಇವರು ನನಗೆ ಸಾಮು ಕಲಿಸುತ್ತಾರಂತೆ ಎಂದು ಒಳಗೊಳಗೇ ನಕ್ಕೆ. ಅವರು ನನ್ನನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚಿ, ಪಾದಗಳನ್ನು ಒತ್ತಿ ಹಿಡಿದು, "ಈಗ ಸೊಂಟ ಮ್ಯಾಲ ಎತ್ರಿ" ಅಂದರು.

ಸೊಂಟ ಎತ್ತುವುದು! ಸಿರುಗುಪ್ಪದಲ್ಲಿ ಹುಸೇನಪ್ಪ ಎದೆಯ ಮೇಲೆ ಬಿದ್ದಾಗ ಮಾಡಿದ್ದೂ ಇದನ್ನೇ. ಅವತ್ತು ಅವನ ಅಷ್ಟೂ ಭಾರವನ್ನು ತಡೆದಿದ್ದೆ. ಇವತ್ತು ಮೇಲೆ ಒಂದು ಚಾದರವಿತ್ತು, ಎತ್ತಲಾಗಲಿಲ್ಲ. ಬೆವರು ಇಳಿಯಿತು. "ಇವತ್ತಿಗೆ ಸಾಕ್ರಿ" ಅಂದರು ಮೇಡಂ. "ಸಾಕಾಗಿಲ್ರಿ" ಅಂದೆ. ಅವರು ಹೋದ ಮೇಲೂ ಪ್ರಯತ್ನ ಬಿಡಲಿಲ್ಲ. ಕೊನೆಗೊಂದು ದಿನ ಹಂಪಮ್ಮ ಸೊಂಟದ ಕೆಳಗೆ ಅಂಗೈ ತೂರಿಸಿ ನೋಡಿ, "ಹೋತು! ನನ್ನ ಕೈ ಹೋತು!" ಎಂದು ಕೂಗಿದಳು. ಸುನಂದಾ ಸಿಸ್ಟರ್ ಏನಾಯಿತೋ ಎಂದು ಓಡಿ ಬಂದರು. ಬಂದವರು ತಾವೂ ಕೈ ತೂರಿಸಿ ನೋಡಿದರು.

ಅವತ್ತು ನನಗೆ ಒಂದು ವಿಷಯ ಅರ್ಥವಾಯಿತು. ಉಸ್ತಾದರು ಬೀಳದ ಹಾಗೆ ಇರುವುದನ್ನು ಕಲಿಸಿದ್ದರು, ಬಿದ್ದ ಮೇಲೆ ಏಳುವುದನ್ನು ಕಲಿಸಿರಲಿಲ್ಲ. ಅವರಿಗೂ ಬೆನ್ನು ಹತ್ತಿದರೆ ಆಟ ಅಲ್ಲಿಗೆ ಮುಗಿಯಿತು. ಈ ಮೇಡಂ ಆಟವನ್ನು ಅಲ್ಲಿಂದಲೇ ಶುರು ಮಾಡಿದ್ದರು.

ಮನೆಗೆ ಬಂದ ಮೇಲಿನ ದಿನಗಳು ಆಸ್ಪತ್ರೆಗಿಂತ ಉದ್ದ. ಗೋಡೆ ಹಿಡಿದೆ, ಊರುಗೋಲಿನ ಚೌಕಟ್ಟು ಹಿಡಿದೆ, ಎಮ್ಮೆಯ ಬೆನ್ನು ಹಿಡಿದು ಹಟ್ಟಿಯ ತುದಿಯವರೆಗೆ ನಡೆದೆ. ಅದು ನಿಂತ ಕಡೆ ನಾನೂ ನಿಲ್ಲುತ್ತಿದ್ದೆ. ಹಂಪಮ್ಮ ಸ್ನಾನ ಮಾಡಿಸುವಾಗ ನಾಚಿಕೆಯಾಗುತ್ತಿತ್ತು. ಹಾಗಂತ ಹೇಳಿದೆ. "ನಿಮ್ಮ ಎಮ್ಮಿ ಮೈ ತೊಳಿಯಾಕಿ ನಾನ, ನಿಮ್ದೇನು ದೊಡ್ಡದಲ್ಲ" ಅಂದಳು. ಕೆಲವು ದಿನ ಏನೂ ಮುಂದುವರಿಯಲಿಲ್ಲ, ಕೆಲವು ದಿನ ಹಿಂದಕ್ಕೇ ಹೋದೆ. ನಿಮ್ಮಲ್ಲಿ ಯಾರಾದರೂ ಈಗ ಅಂಥ ಹಾಸಿಗೆಯಲ್ಲಿದ್ದರೆ, ಆ ದಿನಗಳೂ ಬರುತ್ತವೆ ಎಂದು ತಿಳಿದಿರಲಿ ಅಂತ ಇದನ್ನು ಬರೆದೆ. ಸಿಟ್ಟು ಬಂದರೆ ಸಿಟ್ಟು ಮಾಡಿ. ಮರುದಿನ ಮತ್ತೆ ಸೊಂಟ ಎತ್ತಿ.

ಇನ್ನು ಕುಸ್ತಿ ಆಡಲಾರೆ. ಎಡಗಾಲಿನ ಪಾದ ಈಗಲೂ ಜೋಲುತ್ತದೆ, ಅದಕ್ಕೊಂದು ಪಟ್ಟಿ ಕಟ್ಟುತ್ತೇನೆ. ಕೋಲಿಲ್ಲದೆ ಅಂಗಳ ದಾಟುವಷ್ಟಾದ ಮೇಲೆ ಹುಸೇನಪ್ಪನಿಗೆ ಫೋನ್ ಮಾಡಿದೆ. "ಬಾರಲೇ, ಮಣ್ಣು ಕೊಡ್ತೀನಿ" ಅಂದೆ.

ಗರಡಿಯೊಳಗೆ ಹೆಂಗಸರು ಬರುವ ಪದ್ಧತಿ ನಮ್ಮಲ್ಲಿಲ್ಲ. ಹಂಪಮ್ಮ ಬಾಗಿಲಲ್ಲೇ ನಿಂತು, "ಏಳಾಕ ಆಗಲಿಲ್ಲಂದ್ರ ನಾನ ಒಳಗ ಬಂದು ಎಬ್ಬಿಸ್ತೀನಿ. ಯಾವಾವ ಏನಂತಾನ ನೋಡ್ತೀನಿ" ಅಂದಳು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಬ್ಬಿಸಲು ಯಾರೂ ಕೈ ಹಚ್ಚಬಾರದು ಎಂದು ಮೊದಲೇ ಹೇಳಿದ್ದೆ, ಹಾಗಾಗಿ ಹುಸೇನಪ್ಪ ಅಖಾಡದ ಅಂಚಿನಲ್ಲಿ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತ.

ಅಂಗಿ ತೆಗೆದು ಮಣ್ಣಿಗೆ ಇಳಿದೆ. ನಡುವೆ ಹೋಗಿ ಕೂತೆ. ಆಮೇಲೆ ನಾನಾಗಿಯೇ, ಯಾರೂ ಕೆಡವದೆ, ಅಂಗಾತ ಮಲಗಿದೆ. ತಣ್ಣನೆಯ ಮಣ್ಣು ಬೆನ್ನಿಗೆ ಹತ್ತಿತು.

ಮೊಣಕಾಲು ಮಡಚಿ ಸೊಂಟ ಎತ್ತಿದೆ. ಮಗ್ಗಲಾದೆ. ಕೈಯೂರಿ ಮಂಡಿಯ ಮೇಲೆ ಬಂದೆ. ಬಲಗಾಲು ಊರಿದೆ. ಎಡಗಾಲು ಜಾರಿತು, ದೊಪ್ಪನೆ ಮತ್ತೆ ಅಂಗಾತ ಬಿದ್ದೆ. ಹುಡುಗರು ನುಗ್ಗಿದರು. "ಯಾವಾವಲೇ ಅಂವ, ನಿಂದ್ರು ಅಲ್ಲೇ!" ಎಂದು ಹುಸೇನಪ್ಪ ಗದರಿದ. ಅವನ ಕೈ ಹಿಂದೆಯೇ ಇತ್ತು, ಕಾಲು ಮಾತ್ರ ಒಂದು ಹೆಜ್ಜೆ ಮಣ್ಣಿಗೆ ಇಳಿದಿತ್ತು. ಬಾಗಿಲಿನಿಂದ ಹಂಪಮ್ಮ, "ಏಳ್ರಿ" ಅಂದಳು, ಅಷ್ಟೇ.

ಎದ್ದೆ. ಸೊಂಟ, ಮಗ್ಗಲು, ಮಂಡಿ, ಬಲಗಾಲು. ಎಡಗಾಲನ್ನು ಕೈಯಿಂದ ಹಿಡಿದು ತಂದು ಜಾಗಕ್ಕೆ ಇಟ್ಟೆ. ತೊಡೆಗೆ ಅಂಗೈ ಒತ್ತಿ ನಿಂತೆ. ನಿಂತವನು ಮತ್ತೆ ಬಗ್ಗಿ, ಹುಷಾರಾಗಿ, ಒಂದು ಹಿಡಿ ಮಣ್ಣು ತೆಗೆದು ಹುಸೇನಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಹಣೆಗೆ ಹಚ್ಚಿಕೊಂಡು, ಕಣ್ಣು ತೇವ ಮಾಡಿಕೊಂಡು, "ಥೂ ನಿನ್ನ, ನಾ ಹಚ್ಚಬೇಕಂತಿದ್ದ ಮಣ್ಣನ್ನ ನೀನ ಹಚಗೊಂಡ್ಯಲ್ಲೋ" ಅಂದ.

ಹೊರಗೆ ಬಂದಾಗ ಹಂಪಮ್ಮ ಸೆರಗು ಹಿಡಿದು, "ಬೆನ್ನ ತುಂಬ ಮಣ್ಣಾಗೈತಿ. ತಿರುಗ್ರಿ, ಝಾಡಸ್ತೀನಿ" ಅಂದಳು.

"ಬ್ಯಾಡ, ಇರ್ಲಿ" ಅಂದೆ. ಅಂಗಿಯನ್ನು ಹೆಗಲಿಗೆ ಹಾಕಿಕೊಳ್ಳದೆ ಅವಳ ಕೈಗೆ ಕೊಟ್ಟು, ಹಿತ್ತಲ ದಾರಿ ಬಿಟ್ಟು ಬಜಾರದ ದಾರಿಯಲ್ಲೇ ಮನೆಗೆ ನಡೆದೆ.